ಆಯಿಯ ಪರೀಕ್ಷೆಗೆ ಮೊದಲು ತೆಗೆಯಬೇಕಾದ ತುಂಡು

ಬಾಬಾ,

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ: ಕಡ್ಡಿ ಮುರಿದವರು ನೀವೇ. ಇಯರ್‌ಫೋನ್ ಹಾಕಿಕೊಂಡೇ ಚಹಾಕ್ಕೆ ಎದ್ದು ಓಡಿದಿರಿ, ಪಿನ್ನಿನ ತುದಿ ಲ್ಯಾಪ್‌ಟಾಪಿನ ತೂತಿನಲ್ಲೇ ಉಳಿಯಿತು. ಇಯರ್‌ಫೋನ್ ಇನ್ನೂ ಇದೆ ಅಂದುಕೊಂಡು ಲ್ಯಾಪ್‌ಟಾಪ್ ತನ್ನ ಸ್ಪೀಕರಿನ ಬಾಯಿ ಮುಚ್ಚಿಸಿದೆ.

ಮೂರು ಗಂಟೆಗೆ ಅದರಲ್ಲೇ ಆಯಿಯ ಆನ್‌ಲೈನ್ ಮೌಖಿಕ ಪರೀಕ್ಷೆ, ಮರಾಠಿಯ ಹಳೆಯ ಮೋಡಿ ಲಿಪಿಯದು. ಪ್ರಶ್ನೆಯೇ ಕೇಳಿಸದಿದ್ದರೆ ಮೋಡಿ ಹಾಕುವುದು ಹೇಗೆ? ಮದುವೆಯಾದ ಮೇಲೆ ಅವಳ ಮೊದಲ ಪರೀಕ್ಷೆ ಇದು, ನಿಮ್ಮನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ತನ್ನ ತಂಗಿ, ನನ್ನ ಮಾವಶಿಯ ಮನೆಯಿಂದ ಎರಡೂವರೆಗೆ ಬರುತ್ತಾಳೆ.

ರಿಪೇರಿಯ ಗೋರೆ ಕಾಕಾಗೆ ಈಗ ಫೋನ್ ಮಾಡಿದೆ. ಮೂಗಿನಲ್ಲೇ, "ಒಂದರಿಂದ ನಾಲ್ಕು ಅಂಗಡಿ ಬಂದ್. ಪ್ರಳಯ ಆದ್ರೂ ನಾಲ್ಕರ ಮೇಲೆ ಬರ್ಲಿ!" ಅಂದರು.

ಹಾಗಾಗಿ ನೀವೇ ವೈದ್ಯರು. ಲ್ಯಾಪ್‌ಟಾಪ್ ಆಫ್ ಮಾಡಿ. ಪೆನ್ನಿನ ಖಾಲಿ ರಿಫಿಲ್ಲಿನ ತುದಿಗೆ ಸಾಸಿವೆಯಷ್ಟು ಅಂಟು ಹಚ್ಚಿ, ರಿಫಿಲ್ಲಿಗೆ, ತೂತಿಗಲ್ಲ! ತುಂಡಿಗೆ ಒತ್ತಿ ಹತ್ತು ನಿಮಿಷ ಅಲುಗದೆ ಹಿಡಿದು, ನೇರವಾಗಿ ಎಳೆಯಿರಿ. ಅಂಟು ಜಾಸ್ತಿಯಾದರೆ ನಂಟು ಶಾಶ್ವತ. ಕೆದಕಲು ಆಯಿಯ ಹೇರ್‌ಪಿನ್ ಮುಟ್ಟಬೇಡಿ, ತುಂಡು ಇನ್ನೂ ಒಳಗೆ ಹೋಗುತ್ತದೆ.

ತುಂಡು ಬಂದ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ, ಪರದೆಯ ಮೇಲಿಟ್ಟಿರುವ ಧ್ವನಿ ಫೈಲ್ ತೆರೆಯಿರಿ. ಆಯಿ ನಿಮ್ಮನ್ನು ಕರೆಯುವ ದನಿಯಲ್ಲೇ ನಾನು "ಅಹೋ! ಎಲ್ಲಿದ್ದೀರಿ?" ಅಂದಿದ್ದೇನೆ. ನೀವು ದಡಕ್ಕನೆ ಎದ್ದು ನಿಂತರೆ ಸ್ಪೀಕರ್ ಸರಿಹೋಯಿತು ಅಂತ ಅರ್ಥ.

ಎರಡನೆಯ "ಅಹೋ" ಬಾಗಿಲಿನಿಂದ ಬಂದರೆ ಅದು ಅಸಲಿ. ಏನೂ ನಡೆದೇ ಇಲ್ಲವೆಂಬಂತೆ ನೀರು ಕೊಟ್ಟು ಪಕ್ಕದಲ್ಲೇ ಕೂತಿರಿ.

ಮುಕ್ತಾ