ಹೋಗದ ತಿರುಪತಿಗೆ ಮುಡಿ

ಭಾನುವಾರ, ಜೂನ್ ೧೪. ಅರಸೀಕೆರೆ

ಕೋಪ ಇನ್ನೂ ಇಳಿದಿಲ್ಲ. ಇಂದು ಈ ವ್ಯಸನಮುಕ್ತಿ ಕೇಂದ್ರಕ್ಕೆ ಬೇಲೂರಿನಿಂದ ನಮ್ಮಣ್ಣ ನಂದಕಿಶೋರ ಬಂದಿದ್ದ. ನನ್ನ ಕೈನಡುಕ ನಿಂತಿತಾ ಎಂದೂ ಕೇಳಲಿಲ್ಲ.

"ನೀನು ತಿರುಪತಿಗೆ ಸೇವೆಗೆ ಹೋಗಿದೀಯ ಅಂತ ಬೀದೀಲೆಲ್ಲ ಹೇಳಿದೀವಿ ಕಣೋ. ಬರೋಕೆ ಮುಂಚೆ ತಲೆ ಬೋಳಿಸ್ಕೊಂಡ್ಬಿಡು. ಲಾಡು ನಾನು ತರಿಸಿರ್ತೀನಿ."

ಲಾಡು ತರಿಸುತ್ತಾನಂತೆ! ನಾನು ಕುಡಿದು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಾಗ ಇವನೇ ನಾಲ್ಕು ಜನರನ್ನು ಕೂಗಿ ಆಟೋಗೆ ಹಾಕಿಸಿದ್ದ. ಆಗ ಇಲ್ಲದ ನಾಚಿಕೆ, ಕುಡಿತ ಬಿಡುವಾಗ ಎಲ್ಲಿಂದ ಬಂತು? ಬೆವರಿ, ವಾಂತಿ ಮಾಡಿಕೊಂಡು, ಹಲ್ಲು ಕಚ್ಚಿ ಬಿಟ್ಟವನು ನಾನು. ಆ ಪುಣ್ಯವೂ ವೆಂಕಟರಮಣನಿಗೇ ಹೋಗಬೇಕೇ?

ನಾಳೆ ಇಲ್ಲಿಗೆ ಕ್ಷೌರದವನು ಬರುತ್ತಾನೆ. ಗಡ್ಡ ತೆಗೆಸಿಕೊಳ್ಳುತ್ತೇನೆ, ತಲೆ ಮುಟ್ಟಲು ಬಿಡುವುದಿಲ್ಲ. ಅಣ್ಣ ಬೇಕಾದರೆ ಲಾಡು ಹಂಚಲಿ. ತೆಗೆದುಕೊಳ್ಳಲು ಬಂದವರಿಗೆಲ್ಲ, ಎಲ್ಲಿದ್ದೆ ಎಂದು ನಾನೇ ಹೇಳುತ್ತೇನೆ.