ಕಬ್ಬೂರರು ಆರಿಸದ ದೀಪ

ಹುಬ್ಬಳ್ಳಿ, ಫೆಬ್ರವರಿ ೩೦, ೨೧೬೮

ಡಾ. ವಿದ್ಯಾಧರ ಕಬ್ಬೂರರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೇ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ನೀವು ನಿನ್ನೆ ಆಪರೇಷನ್ ಮಾಡಿದ ನೀಲಾಂಬಿಕಾ ಹೂಗಾರ ನನ್ನ ಮುತ್ತಜ್ಜಿಯ ತಾಯಿ.

ಅವಳ ಮೈಗೆ ನೀವು ಚುಚ್ಚಿದ ನ್ಯಾನೊಕಣಗಳು ಕ್ಯಾನ್ಸರ್ ಎಲ್ಲೆಲ್ಲಿ ಹಬ್ಬಿದೆಯೋ ಅಲ್ಲೆಲ್ಲ ಅಂಟಿಕೊಂಡು ಮಿನುಗುತ್ತವೆ. ಆ ಮಿನುಗು ಪರದೆಯ ಮೇಲೆ ಕಾಣಬೇಕಾದರೆ ಥಿಯೇಟರಿನ ದೊಡ್ಡ ದೀಪ ಆರಿಸಬೇಕು. ಎದೆಯ ಗಡ್ಡೆ ತೆಗೆಯುವಾಗ ಆರಿಸಿದಿರಿ. ಕಂಕುಳಿನ ಸರದಿ ಬಂದಾಗ ನಿಮ್ಮ ಸಹಾಯಕಿ, "ಸರ್, ಲೈಟ್ ಆರಸ್ಲೇನ್ರಿ?" ಎಂದು ಕೇಳಿದಳು. ಆಪರೇಷನ್ನಿನ ವಿಡಿಯೋ ನೇರವಾಗಿ ಡಾಕ್ಟರುಗಳ ಸಮ್ಮೇಳನಕ್ಕೆ ಹೋಗುತ್ತಿತ್ತು. "ನನ್ನ ಮಾರಿ ಕಾಣಬ್ಯಾಡೇನು? ಸುಮ್ಮನಿರವಾ," ಅಂದಿರಿ. ಹುಣಸೆ ಬೀಜದಷ್ಟು ಗಂಟು ಅಲ್ಲೇ ಉಳಿಯಿತು. ಮುಂದೆ ಆರು ವರ್ಷದ ಮಗಳನ್ನು ಬಿಟ್ಟು ನೀಲಾಂಬಿಕಾ ಸತ್ತದ್ದು ಅದರಿಂದ.

ಆ ವಿಡಿಯೋ ನನ್ನ ಹತ್ತಿರ ಇದೆ. ದೀಪದ ಝಗಝಗದಲ್ಲಿ ಮುಚ್ಚಿಹೋದ ಮಿನುಗನ್ನು ಹೆಕ್ಕಿ ತೋರಿಸುವ ಯಂತ್ರವೂ ಇದೆ. ನಾನೂ ಸರ್ಜನ್. ನಮ್ಮಲ್ಲಿ ಹೊಲಿಗೆ ಹಾಕುವ ಮುಂಚೆ 'ಕತ್ತಲ ಗಳಿಗೆ' ಬರುತ್ತದೆ: ಥಿಯೇಟರ್ ಜೊತೆಗೆ ಕಾರಿಡಾರಿನ ದೀಪವೂ ಆರುತ್ತದೆ, ಹೊರಗೆ ಕಾಯುವವರು ಚಹಾದ ಲೋಟ ಕೆಳಗಿಟ್ಟು ಸುಮ್ಮನಾಗುತ್ತಾರೆ, ಒಳಗೆ ನಾವು ಮೂಲೆಮೂಲೆಯ ಮಿನುಗು ಹುಡುಕುತ್ತೇವೆ. ಮರೆತವರನ್ನು "ಕಬ್ಬೂರ ಆಗಬ್ಯಾಡಲೇ!" ಎಂದು ಬೈಯುತ್ತೇವೆ. ಈ ಬೈಗುಳವನ್ನು ಹುಟ್ಟಿಸಿದವಳು ಆ ಆರು ವರ್ಷದ ಮಗಳು, ನನ್ನ ಮುತ್ತಜ್ಜಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ವಿಡಿಯೋ ತೋರಿಸುವುದರಲ್ಲೇ ಅವಳ ಆಯುಷ್ಯ ಸವೆಯಿತು. ನಿಮ್ಮ ಮುಖ ಕಾಣಬೇಕಿತ್ತಲ್ಲ? ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಅದನ್ನು ನೋಡುತ್ತಾರೆ. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಗುತ್ತದೆ.

ತಪ್ಪು ನಡೆಯುವ ಮುಂಚೆ ಪತ್ರ ಮುಟ್ಟಿಸಲು ಹಿಂದಂಚೆಯ ಕಾಯಿದೆ ಬಿಡುವುದಿಲ್ಲ. ಮರುದಿನ ಮುಟ್ಟಿಸಬಹುದು. ಕಣಗಳ ಮಿನುಗು ನಾಳೆಯವರೆಗೆ ಇರುತ್ತದೆ. ಎದ್ದು ವಾರ್ಡಿಗೆ ಹೋಗಿ. ಮಗಳು ತಾಯಿಯ ಮಗ್ಗುಲಲ್ಲೇ ಕೂತಿರುತ್ತಾಳೆ. ಅವಳೆದುರಿಗೇ ತಪ್ಪಾಯಿತೆಂದು ಹೇಳಿ, ಸಮ್ಮೇಳನದವರಿಗೂ ಹೇಳಿ. ಮತ್ತೆ ಕೊಯ್ದು ಗಂಟು ತೆಗೆಯಿರಿ. ಈ ಸಲ ದೀಪ ಆರಿಸಿ.

ಹಾಗೆ ಮಾಡಿದರೆ ಇಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ನನಗೂ. ಅದಕ್ಕಿಂತ ದೊಡ್ಡ ಕ್ಷಮೆ ನನ್ನಲ್ಲಿಲ್ಲ. ಮಾಡದಿದ್ದರೆ, ನಾಳೆ ಬೆಳಿಗ್ಗೆ ಹೊಸ ವಿದ್ಯಾರ್ಥಿಗಳಿಗೆ ನನ್ನ ಪಾಠವಿದೆ. ವಿಡಿಯೋ ಹಚ್ಚುತ್ತೇನೆ.

ಇಂಚರಾ ಹೂಗಾರ