ಮೂರು ನಿಮಿಷದ ತತ್ತಿ

ಲಿಂಗಸುಗೂರು, 1954

ಅಬ್ಬಾ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಇದ್ದಿದ್ದರೂ ನನ್ನ ಕನ್ನಡ ಅಕ್ಷರ ನಿಮಗೆ ಓದಲು ಬರುತ್ತಿರಲಿಲ್ಲ. ಆದರೂ ಇವತ್ತಿನ ಸುದ್ದಿ ನಿಮಗೇ ಹೇಳಬೇಕು.

ಕಾಲುವೆ ನೋಡಲು ಬಂದ ಫ್ರಾನ್ಸ್ ದೇಶದ ಎಂಜಿನಿಯರ್ ಒಬ್ಬರು ನೀವು ಅಡುಗೆ ಮಾಡುತ್ತಿದ್ದ ಬಂಗಲೆಯಲ್ಲೇ ಇಳಿದಿದ್ದಾರೆ. ಬೆಳಿಗ್ಗೆ ಓವರ್‌ಸಿಯರ್ ಹಂಪಣ್ಣ ಓಡಿ ಬಂದರು.

"ಮುನ್ನಿಬೀ, ಸಾಹೇಬರಿಗೆ ಅವರ ದೇಶದಾಗ ಮಾಡೋ ಹಂಗ ಅರ್ಧ ಕುದಿಸಿದ ತತ್ತಿ ಬೇಕಂತ. ಬಿಳೇದು ಗಟ್ಟಿ ಆಗಬೇಕು, ಹಳದಿ ಹರೀಬೇಕು. ನಿಮ್ಮಪ್ಪ ಮಾಡತಿದ್ದರಲ್ಲ, ನೀ ಬಾ."

ಬಂಗಲೆಯ ಅಡುಗೆಮನೆಯಲ್ಲಿ ಅಂದಾಜಿನ ಮೇಲೆ ಕುದಿಸಿದ ಮೊದಲನೆಯದು ಕಲ್ಲಾಯಿತು. ಎರಡನೆಯದನ್ನು ಗೋಡೆ ಗಡಿಯಾರ ನೋಡಿಕೊಂಡು ಮೂರೇ ನಿಮಿಷಕ್ಕೆ ತೆಗೆದೆ. ನಿಲ್ಲಿಸಲು ಪುಟ್ಟ ಬಟ್ಟಲಿಲ್ಲದೆ, ಲೋಟಕ್ಕೆ ಅಕ್ಕಿ ತುಂಬಿ ಅದರಲ್ಲಿ ಕೂರಿಸಿದೆ. ಅದ್ದಿಕೊಳ್ಳಲು ಬ್ರೆಡ್ಡೂ ಇರಲಿಲ್ಲ. ಖಡಕ್ ರೊಟ್ಟಿಗೆ ಬೆಣ್ಣೆ ಸವರಿ, ಬೆರಳುದ್ದ ಮುರಿದಿಟ್ಟೆ. ಸಾಹೇಬರು ಚಮಚೆಯಿಂದ ತತ್ತಿಯ ನೆತ್ತಿ ಒಡೆದಾಗ, ತತ್ತಿ ಮುಟ್ಟದ ಹಂಪಣ್ಣ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ನಿಂತರು. ಸಾಹೇಬರು ರೊಟ್ಟಿ ಅದ್ದಿ ತಿಂದು, ಕಣ್ಣು ಮುಚ್ಚಿ ನಕ್ಕು, ಇನ್ನೆರಡು ಕೇಳಿದರು.

"ಇಂಥಾದ್ದು ಮಾಡಾಕ ಯಾರು ಕಲಿಸ್ಯಾರ ಅಂತ ಕೇಳಾಕತ್ತಾರ," ಅಂದರು ಹಂಪಣ್ಣ.

"ನಮ್ಮ ಅಬ್ಬಾ ಕಲಿಸ್ಯಾರ್ರೀ," ಅಂದೆ.

ಹೌದಲ್ಲವೇ ಅಬ್ಬಾ? ಒಲೆಯ ಮುಂದೆ ಕುಳಿತು ನೀವು ನನ್ನನ್ನು ಎಷ್ಟು ಸಲ ಕರೆದಿರಿ. ನಾನು ತತ್ತಿಯ ವಾಸನೆಯೆಂದು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದೆ. "ಮೂರು ನಿಮಿಷ ನಿಲ್ಲು ಬೇಟಿ, ಮೂರೇ ನಿಮಿಷ" ಎಂದು ನೀವು ಕೂಗುತ್ತಿದ್ದುದು ನನಗೆ ಅಲ್ಲಿಗೂ ಕೇಳಿಸುತ್ತಿತ್ತು.

ನಿಮ್ಮ ಮುನ್ನಿ